ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್: ನಮ್ಮ ಕಡೆಯ ಮನೆಗಳಲ್ಲಿ ಕೇಳಿದ್ದು

ನಿವೃತ್ತ ಶಿಕ್ಷಕ, ಹೊಸನಗರ

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಯ ಅಟ್ಟವನ್ನು ತೆರವು ಮಾಡುವಾಗ ಹಳೆಯ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ಟುಗಳು ಸಿಕ್ಕಿದವು. ಒಂದರ ಮೇಲೆ ನಮ್ಮ ಅಣ್ಣನ ಕೈಬರಹದಲ್ಲಿ ‘ಭದ್ರಾವತಿ ಸ್ಟೇಷನ್, ಅಮ್ಮನ ಸೋಬಾನೆ’ ಎಂದು ಬರೆದಿದೆ. ನಮ್ಮ ಕೇರಿಯ ಐದಾರು ಹೆಂಗಸರು ಸೇರಿ ಹಾಡಿದ ಸೋಬಾನೆ ಪದಗಳು ಆಕಾಶವಾಣಿಯಲ್ಲಿ ಪ್ರಸಾರವಾದ ದಿನ, ಅಣ್ಣ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಧ್ವನಿಮುದ್ರಿಸಿಕೊಂಡಿದ್ದರು. ಅಮ್ಮನೂ ಈಗಿಲ್ಲ, ಅಣ್ಣನೂ ಇಲ್ಲ. ಕ್ಯಾಸೆಟ್ಟಿನ ಒಳಗೆ ಬಿಳಿ ಬೂಷ್ಟು ಹಿಡಿದಿರುವುದರಿಂದ ಅದನ್ನು ಹಾಕಿ ಕೇಳುವ ಧೈರ್ಯ ನನಗೆ ಬಂದಿಲ್ಲ.

ಈ ನೆಪದಲ್ಲಿ ಭದ್ರಾವತಿ ನಿಲಯದ ಬಗ್ಗೆ ಕೇಳುಗರ ನೆನಪುಗಳನ್ನು ಒಂದೆಡೆ ಬರೆದಿಡೋಣ ಎನ್ನಿಸಿತು. ನನಗೆ ತಿಳಿದಿರುವ ಹಿನ್ನೆಲೆಯನ್ನು ಮೊದಲು ಹೇಳುತ್ತೇನೆ. ಕನ್ನಡ ನಾಡಿನ ರೇಡಿಯೋ ಕಥೆ ಶುರುವಾಗುವುದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಚಿಕ್ಕದೊಂದು ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು 1955ರಲ್ಲಿ, ನಮ್ಮ ಭದ್ರಾವತಿ 1965ರಲ್ಲಿ, ಕಲಬುರಗಿ 1966ರಲ್ಲಿ, ಮಂಗಳೂರು 1976ರಲ್ಲಿ ಬಂದವು. ಧಾರವಾಡ, ಬೆಂಗಳೂರುಗಳ ಎದುರು ಭದ್ರಾವತಿಯದು ಸಣ್ಣ ನಿಲಯ. ಅವೆರಡರ ಮೀಡಿಯಂ ವೇವ್ ಪ್ರೇಷಕಗಳು 200 ಕಿಲೋವ್ಯಾಟ್ ಆಗಿದ್ದರೆ ನಮ್ಮದು 20 ಕಿಲೋವ್ಯಾಟ್. ಆದರೆ ನಮ್ಮ ಜಗಲಿಯಲ್ಲಿ ಬೆಳಿಗ್ಗೆ ಮೊದಲು ಕೇಳುತ್ತಿದ್ದುದು ಆ ಸಣ್ಣ ನಿಲಯವೇ.

ಎರಡು ವಿಷಯಗಳನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ. ಗುಡ್ಡಗಳ ನಡುವಿನ ನಮ್ಮ ಮನೆಗೆ ಆ ಪ್ರಸಾರ ಅಷ್ಟು ಸ್ಪಷ್ಟವಾಗಿ ಹೇಗೆ ಬರುತ್ತಿತ್ತು? ಮತ್ತು ನಿಮ್ಮ ನಿಮ್ಮ ಮನೆಗಳಲ್ಲಿ ಯಾವ ಕಾರ್ಯಕ್ರಮಕ್ಕಾಗಿ ಕಾಯುತ್ತಿದ್ದಿರಿ?

ರೇಡಿಯೋ ರಿಪೇರಿ, ಸಾಗರ

ಮೇಷ್ಟ್ರೇ, ಮೊದಲು ಒಂದು ವಿನಂತಿ: ಆ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಈಗಲೇ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಬೂಷ್ಟು ಹಿಡಿದ ಟೇಪು ಹೆಡ್ಡಿಗೆ ಅಂಟಿಕೊಂಡು ಹರಿದುಹೋಗುತ್ತದೆ. ಅದನ್ನು ಹೇಗೆ ಶುಚಿ ಮಾಡುವುದೆಂದು ಕೊನೆಯಲ್ಲಿ ಬರೆಯುತ್ತೇನೆ.

ನಾನು ವಾಲ್ವ್ ಸೆಟ್ಟುಗಳ ಕಾಲದ ಕೊನೆಯಲ್ಲಿ ಈ ಕಸುಬಿಗೆ ಬಂದವನು. ಸಾಗರ, ಸೊರಬ, ಹೊಸನಗರದ ಕಡೆಯಿಂದ ರಿಪೇರಿಗೆ ಬರುತ್ತಿದ್ದ ಸೆಟ್ಟುಗಳ ಡಯಲ್ ಗಾಜಿನ ಮೇಲೆ ಒಂದೇ ಜಾಗದಲ್ಲಿ ಸಣ್ಣ ಗೀರು ಇಲ್ಲವೇ ಕುಂಕುಮದ ಚುಕ್ಕೆ ಇರುತ್ತಿತ್ತು. ಅದು ಭದ್ರಾವತಿಯ ಗುರುತು. ಸೂಜಿ ಆ ಗುರುತಿಗೆ ಬಂದಾಗ ಸ್ಟೇಷನ್ ಸಿಗಲಿಲ್ಲವೆಂದರೆ ಡಯಲ್ ದಾರ ಜಾರಿದೆ ಎಂದು ನಾನು ಸೆಟ್ಟು ಬಿಚ್ಚುವ ಮೊದಲೇ ಹೇಳುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಉತ್ತರ ಅಲೆಯ ಉದ್ದದಲ್ಲಿದೆ. ಭದ್ರಾವತಿಯ ಮೀಡಿಯಂ ವೇವ್ ಪ್ರಸಾರದ 675 ಕಿಲೋಹರ್ಟ್ಸ್ ಎಂದರೆ ಒಂದೊಂದು ಅಲೆಯೂ ಸುಮಾರು 444 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡೇ ಸಾಗುತ್ತದೆ, ಗುಡ್ಡ ಎದುರಾದರೆ ಬಾಗಿ ಆಚೆ ಇಳಿಯುತ್ತದೆ. ಅದೇ ನಿಲಯದ ಎಫ್‌ಎಂ ಪ್ರಸಾರವಿರುವುದು 103.5 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿ ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುವುದರಿಂದ ಗುಡ್ಡದ ಹಿಂದೆ ನೆರಳು ಬೀಳುತ್ತದೆ. ಭದ್ರಾವತಿ ಮಲೆನಾಡಿನ ಪೂರ್ವದ ಅಂಚಿನಲ್ಲಿದೆ, ನಾವು ಪಶ್ಚಿಮಕ್ಕೆ ಹೋದಷ್ಟೂ ಗುಡ್ಡಗಳು ಹೆಚ್ಚು. ರಸ್ತೆಯ ಏರಿನಲ್ಲಿ ಬಸ್ಸಿನ ಎಫ್‌ಎಂ ಹಾಡುತ್ತದೆ, ಇಳುಕಲಿಗೆ ಬಂದ ಕೂಡಲೇ ಗೊರಗೊರ ಎನ್ನುತ್ತದೆ.

ರಾತ್ರಿಯ ಕಥೆ ಬೇರೆ. ನೆಲದಿಂದ ಅರವತ್ತು ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿರುವ ವಾಯುಪದರವೊಂದು ಹಗಲಿನಲ್ಲಿ ಮೇಲಕ್ಕೆ ಹೋದ ಮೀಡಿಯಂ ವೇವ್ ಅಲೆಯನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ದೂರದಲ್ಲಿ ಇಳಿಯುತ್ತದೆ. ಅದೇ ಕಂಪನಾಂಕದಲ್ಲಿರುವ ದೂರದ ನಿಲಯವೂ ಆಗ ನಮ್ಮಲ್ಲಿಗೆ ಬಂದು ಸೇರುವುದರಿಂದ ದನಿ ತೇಲಿದಂತೆ, ಮುಳುಗಿದಂತೆ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಟ್ರಾನ್ಸಿಸ್ಟರನ್ನು ಹಿಡಿದು ತಿರುಗಿಸುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಅದರ ಒಳಗೆ ಉದ್ದಕ್ಕೆ ಮಲಗಿರುವ ಕಪ್ಪು ಫೆರೈಟ್ ರಾಡೇ ಏರಿಯಲ್. ರಾಡಿನ ತುದಿ ನಿಲಯದ ಕಡೆಗಿದ್ದರೆ ಸದ್ದು ಕುಗ್ಗುತ್ತದೆ, ಮಗ್ಗುಲು ಆ ಕಡೆಗಿದ್ದರೆ ಹಿಗ್ಗುತ್ತದೆ. ಸಾಗರದವರಿಗೆ ಭದ್ರಾವತಿ ಆಗ್ನೇಯಕ್ಕೆ ಬರುತ್ತದೆ. ನಮ್ಮ ಅಜ್ಜನಿಗೆ ಫೆರೈಟ್ ಎಂದರೇನೆಂದು ತಿಳಿಯದಿದ್ದರೂ ಸೆಟ್ಟಿನ ಮುಖ ತುಳಸಿಕಟ್ಟೆಯ ಕಡೆಗಿದ್ದರೆ ಸ್ಟೇಷನ್ ಚೆನ್ನಾಗಿ ಹಿಡಿಯುತ್ತದೆ ಎಂಬುದು ತಿಳಿದಿತ್ತು.

ಅಡಿಕೆ ಬೆಳೆಗಾರ, ಕೊಪ್ಪ ಸೀಮೆ

ಮೇಷ್ಟ್ರು ಕೇಳಿದ ಎರಡನೆಯ ಪ್ರಶ್ನೆಗೆ ನನ್ನದು ಒಂದೇ ಉತ್ತರ: ಸಂಜೆ 6.50ರ ಕೃಷಿರಂಗ. ನಮ್ಮ ತಂದೆ ತೋಟದಿಂದ ಬಂದು ಕಾಲು ತೊಳೆದು ಜಗಲಿಗೆ ಕೂರುವ ಹೊತ್ತಿಗೆ ಅದು ಶುರುವಾಗುತ್ತಿತ್ತು. ಮಾತನಾಡುತ್ತಿದ್ದವರು ಹೇಳುತ್ತಿದ್ದುದು ನಮ್ಮ ಬೆಳೆಗಳ ವಿಷಯ: ಅಡಿಕೆ, ಕಾಳುಮೆಣಸು, ಏಲಕ್ಕಿ, ಮಳೆ ನೆಚ್ಚಿದ ಗದ್ದೆಯ ಭತ್ತ. ಬೆಂಗಳೂರಿನ ಪ್ರಸಾರದಲ್ಲಿ ರಾಗಿಯ ಮಾತು ಬಂದರೆ ತಂದೆ ಗೌರವದಿಂದಲೇ ಕೇಳುತ್ತಿದ್ದರು, ಆದರೆ ಪೆನ್ನು ತೆಗೆಯುತ್ತಿರಲಿಲ್ಲ. ಭದ್ರಾವತಿಯವರು ಮಳೆಗಾಲದಲ್ಲಿ ಅಡಿಕೆ ಗೊನೆಗೆ ತಗಲುವ ಕೊಳೆರೋಗದ ಬಗ್ಗೆ ಹೇಳುವಾಗ ಪೆನ್ನು ತೆಗೆಯುತ್ತಿದ್ದರು.

ಕೊಳೆರೋಗ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿಯೇ ಅದನ್ನು ಅಧ್ಯಯನ ಮಾಡಿದ್ದರು. ಅದಕ್ಕೂ ಹಿಂದಿನಿಂದ ನಮ್ಮವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಬೋರ್ಡೋ ದ್ರಾವಣ ಬಳಕೆಗೆ ಬಂದ ಮೇಲೂ ಅದನ್ನು ಸರಿಯಾದ ಹದದಲ್ಲಿ ತಯಾರಿಸುವುದು ಎಲ್ಲರಿಗೂ ಗೊತ್ತಿರಲಿಲ್ಲ. ರೇಡಿಯೋದಲ್ಲಿ ಅದನ್ನು ಅಡುಗೆ ಹೇಳಿಕೊಟ್ಟಂತೆ ನಿಧಾನವಾಗಿ ಹೇಳುತ್ತಿದ್ದರು. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಬೇರೆ ಐವತ್ತು ಲೀಟರ್ ನೀರಿನಲ್ಲಿ ಕದಡಬೇಕು, ಕಬ್ಬಿಣದ ಪಾತ್ರೆ ಬಳಸಬಾರದು, ಸುಣ್ಣದ ತಿಳಿಗೆ ಮೈಲುತುತ್ತದ ದ್ರಾವಣವನ್ನು ಸುರಿಯುತ್ತಾ ಕಲಕಬೇಕು. ಆಮೇಲೆ ಉಜ್ಜಿದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಈ ಚಾಕುವಿನ ಪರೀಕ್ಷೆಯನ್ನು ನಾನು ಕಲಿತದ್ದು ರೇಡಿಯೋದಿಂದಲೇ. ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪರಣೆ, ನಲವತ್ತರಿಂದ ನಲವತ್ತೈದು ದಿನದ ಮೇಲೆ ಎರಡನೆಯದು ಎಂಬ ಲೆಕ್ಕವನ್ನು ತಂದೆ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದರು, ಮರ ಹತ್ತಿ ಸಿಂಪಡಿಸುವ ಕೊನೆಗಾರನಿಗೆ ಆ ದಿನವನ್ನೇ ಹೇಳಿ ಕಳಿಸುತ್ತಿದ್ದರು.

ಪೇಟೆ ಧಾರಣೆಯನ್ನೂ ಮರೆಯಬಾರದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಯ ಬೆಲೆ ಓದುವಾಗ ಮನೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ. ಶಿವಮೊಗ್ಗದ ಮಾರುಕಟ್ಟೆಯ ಬೆಲೆ ಅದೇ ದಿನ ಮನೆಯಲ್ಲಿ ಗೊತ್ತಾದರೆ, ಅಂಗಳಕ್ಕೆ ಬಂದ ವ್ಯಾಪಾರಿಯ ಎದುರು ಬೆಳೆಗಾರನ ಮಾತಿಗೆ ತೂಕ ಬರುತ್ತಿತ್ತು. ಮಳೆಗಾಲದಲ್ಲಿ ಇದೇ ಶ್ರದ್ಧೆಯಿಂದ ಜಲಾಶಯಗಳ ಮಟ್ಟ ಕೇಳುತ್ತಿದ್ದೆವು: ಭದ್ರಾ 186 ಅಡಿಗೆ ಎಷ್ಟು ಬಾಕಿ, ಲಿಂಗನಮಕ್ಕಿ 1819 ಅಡಿಗೆ ಎಷ್ಟು ಬಾಕಿ.

ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಹಿರಿಯರೆಲ್ಲರಿಗೂ ವಂದನೆಗಳು. ಜಿಲ್ಲಾ ಕೇಂದ್ರವಾದ ಶಿವಮೊಗ್ಗವನ್ನು ಬಿಟ್ಟು ಭದ್ರಾವತಿಯಲ್ಲಿ ನಿಲಯ ಮಾಡಿದ್ದು ನನಗೆ ಯಾವಾಗಲೂ ಕುತೂಹಲದ ವಿಷಯ. ಇನ್ನೊಂದು ಮಾತನ್ನು ಯಾರೂ ಬೇಸರಿಸಿಕೊಳ್ಳದಿದ್ದರೆ ಹೇಳುತ್ತೇನೆ. ಮೀಡಿಯಂ ವೇವ್ ಪ್ರಸಾರ ವಿದ್ಯುತ್ತಿನ ದೃಷ್ಟಿಯಿಂದ ದುಬಾರಿ. ಅದರಲ್ಲಿ ಬಳಸುವ ಎಎಂ ಪದ್ಧತಿಯಲ್ಲಿ, ಅಲೆಯ ಮೇಲೆ ದನಿಯನ್ನು ಪೂರ್ತಿಯಾಗಿ ಹೇರಿದಾಗಲೂ (ಪೂರ್ಣ ಮಾಡ್ಯುಲೇಷನ್) ಮೂರರಲ್ಲಿ ಎರಡು ಪಾಲು ಶಕ್ತಿ ಮಾತನ್ನು ಹೊರದ ಬರಿಯ ವಾಹಕ ಅಲೆಗೇ ಹೋಗುತ್ತದೆ. ಎಫ್‌ಎಂನಲ್ಲಿ ಸಂಗೀತ ಹೆಚ್ಚು ಸೊಗಸಾಗಿ ಕೇಳುತ್ತದೆ, ಮೊಬೈಲಿನಲ್ಲಿ ಆಪ್ ಹಾಕಿಕೊಂಡರೆ ಭದ್ರಾವತಿಯನ್ನು ಅಮೆರಿಕದಲ್ಲಿಯೂ ಕೇಳಬಹುದು. ಹೀಗಿರುವಾಗ ಮೀಡಿಯಂ ವೇವ್ ಬೇಕೆಂಬ ವಾದಕ್ಕೆ ಪ್ರೀತಿಯ ಹೊರತಾಗಿ ಬೇರೆ ಆಧಾರವಿದೆಯೇ?

ನಿವೃತ್ತ ಶಿಕ್ಷಕ, ಹೊಸನಗರ

ಬೇಸರವೇಕೆ, ಒಳ್ಳೆಯ ಪ್ರಶ್ನೆ. ಭದ್ರಾವತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. 1965ರ ಭದ್ರಾವತಿಯನ್ನು ಇಂದಿನ ಕಣ್ಣಿನಿಂದ ನೋಡಬಾರದು. ಕಬ್ಬಿಣದ ಕಾರ್ಖಾನೆ 1923ರಿಂದ ನಡೆಯುತ್ತಿತ್ತು, ಕಾಗದದ ಕಾರ್ಖಾನೆಯೂ ಇತ್ತು. ರಾಜ್ಯದ ಎಲ್ಲ ಕಡೆಯಿಂದ, ಹೊರರಾಜ್ಯಗಳಿಂದಲೂ ಕೆಲಸಕ್ಕೆ ಬಂದವರ ಕಾಲೋನಿಗಳು, ಶಾಲೆಗಳು, ಹವ್ಯಾಸಿ ನಾಟಕ ತಂಡಗಳು, ಭಜನಾ ಮಂಡಳಿಗಳು ಅಲ್ಲಿದ್ದವು. ಪಾಳಿ ಮುಗಿಸಿ ಬಂದು ನಾಟಕದ ತಾಲೀಮಿಗೆ ಕೂರುವವರಿದ್ದ ಊರು ಅದು. ಹಾಡುವವರೂ ಕೇಳುವವರೂ ಒಟ್ಟಿಗಿದ್ದ ಇಂಥ ಊರು ನಿಲಯಕ್ಕೆ ಚೆನ್ನಾಗಿ ಒಪ್ಪಿತ್ತೆಂದು ನನಗನ್ನಿಸುತ್ತದೆ.

ಎರಡನೆಯ ಪ್ರಶ್ನೆಗೆ ಸಾಗರದವರು ಉತ್ತರಿಸಲಿ.

ರೇಡಿಯೋ ರಿಪೇರಿ, ಸಾಗರ

ತಮ್ಮ ಹೇಳಿದ ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೆ ಇನ್ನೊಂದನ್ನೂ ಸೇರಿಸುತ್ತೇನೆ: ಎಲ್‌ಇಡಿ ಬಲ್ಬು, ಇನ್ವರ್ಟರು, ಮೊಬೈಲ್ ಚಾರ್ಜರುಗಳ ಗದ್ದಲದಿಂದ ಈಗ ಪೇಟೆಯ ಮನೆಗಳಲ್ಲಿ ಮೀಡಿಯಂ ವೇವ್ ಕೇಳುವುದೇ ಕಷ್ಟ. ಸಿಡಿಲಿನ ಹೊತ್ತಿನಲ್ಲಿ ಅದು ಚಟಚಟ ಎನ್ನುತ್ತದೆ, ಬೇಸಿಗೆಯ ಕೊನೆಯ ಗುಡುಗು ಮಳೆಯಲ್ಲಿ ಹಾಡು ಕೇಳಲಾಗುವುದಿಲ್ಲ. ಇವೆಲ್ಲವನ್ನೂ ಒಪ್ಪುತ್ತೇನೆ.

ಆದರೆ ಎಂಜಿನಿಯರಿಂಗಿನಲ್ಲಿ ಖರ್ಚನ್ನು ಲೆಕ್ಕ ಹಾಕುವಾಗ ಯಾರನ್ನು ತಲುಪಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ಆಷಾಢದಲ್ಲಿ ಮರ ಬಿದ್ದು ನಮ್ಮ ಹಳ್ಳಿಗಳಲ್ಲಿ ಮೂರು ನಾಲ್ಕು ದಿನ ಕರೆಂಟು ಇರುವುದಿಲ್ಲ. ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಮುಗಿದು ಮೊಬೈಲಿನ ಸಿಗ್ನಲ್ಲೂ ಹೋಗುತ್ತದೆ, ಆಪು ಕೆಲಸಕ್ಕೆ ಬರುವುದಿಲ್ಲ. ಎಫ್‌ಎಂ ಗುಡ್ಡದ ನೆರಳಿನಲ್ಲಿ ನಿಲ್ಲುತ್ತದೆ. ಅದೇ ಹೊತ್ತಿಗೆ ಊರಿನ ಎಲ್ಲ ವಿದ್ಯುತ್ ಉಪಕರಣಗಳು ನಿಂತಿರುವುದರಿಂದ, ಎರಡು ಸೆಲ್ ಹಾಕಿದ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ವರ್ಷದಲ್ಲಿಯೇ ಅತ್ಯಂತ ಸ್ವಚ್ಛವಾಗಿ ಕೇಳುತ್ತದೆ. ಘಟ್ಟದ ರಸ್ತೆ ಕುಸಿದಿದೆಯೇ, ನಾಳೆ ಶಾಲೆಗೆ ರಜೆಯೇ, ಡ್ಯಾಮಿನಿಂದ ನೀರು ಬಿಡುತ್ತಾರೆಯೇ ಎಂಬುದು ಆ ದಿನಗಳಲ್ಲಿಯೇ ಬೇಕಾಗುವ ಸುದ್ದಿ. ಒಬ್ಬ ಕೇಳುಗನಿಗೆ ತಗಲುವ ವೆಚ್ಚವನ್ನು ಮಾತ್ರ ನೋಡಿದರೆ ಕಾಡಿನ ಅಂಚಿನ ಒಂಟಿಮನೆ ಯಾವ ಲೆಕ್ಕದಲ್ಲಿಯೂ ಗೆಲ್ಲುವುದಿಲ್ಲ.

ಆರೋಗ್ಯ ಕಾರ್ಯಕರ್ತೆ, ಸೊರಬ ತಾಲ್ಲೂಕು

ಸಾಗರದ ಅಣ್ಣ ಬರೆದದ್ದನ್ನು ಓದಿ ನನ್ನ ಅನುಭವವನ್ನೂ ಹೇಳಬೇಕೆನ್ನಿಸಿತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ನಾನು ಮನೆಮನೆಗೆ ಹೋಗಿ, ಸತ್ತ ಮಂಗ ಕಂಡರೆ ಮುಟ್ಟದೆ ತಕ್ಷಣ ತಿಳಿಸಿ, ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಎಂದು ಹೇಳುತ್ತಿದ್ದೆ. ಎಷ್ಟೋ ಮನೆಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯರು, “ಹೌದು ಮಗಾ, ರೇಡಿಯೋದಾಗೂ ಹೇಳಿದ್ರು” ಎನ್ನುತ್ತಿದ್ದರು. ಹೇಳಿದವರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ‘ಭದ್ರಾವತಿಯವರು’ ಎನ್ನುತ್ತಿದ್ದರು, ನೆಂಟರ ಬಗ್ಗೆ ಹೇಳಿದ ಹಾಗೆ. ದರಗು, ಎಂದರೆ ಉದುರಿದ ಒಣ ಎಲೆ, ಗುಡಿಸಲು ಕಾಡಿಗೆ ಹೋಗುವ ಹೆಂಗಸರಿಗೆ ಪತ್ರಿಕೆ ಓದುವ ಪುರುಸೊತ್ತಿರಲಿಲ್ಲ, ಆದರೆ ಒಲೆಯ ಪಕ್ಕದಲ್ಲಿ ರೇಡಿಯೋ ಇತ್ತು.

ಮಾಜಿ ಉದ್ಘೋಷಕಿ, ಶಿವಮೊಗ್ಗ

ಇದನ್ನೆಲ್ಲ ಓದುತ್ತಾ ಕುಳಿತರೆ ಮನಸ್ಸು ತುಂಬಿ ಬರುತ್ತದೆ. ನಾನು ಕೆಲವು ವರ್ಷ ಸಾಂದರ್ಭಿಕ ಉದ್ಘೋಷಕಿಯಾಗಿ ಮೈಕಿನ ಈ ಬದಿಯಲ್ಲಿದ್ದೆ. ಬೆಳಗಿನ ಪಾಳಿಯಿದ್ದರೆ ಊರು ಏಳುವ ಮೊದಲೇ ನಿಲಯದಲ್ಲಿರಬೇಕಿತ್ತು. ಮೊದಲು ಆಕಾಶವಾಣಿಯ ಆ ರಾಗ. ವಾಲ್ಟರ್ ಕಾಫ್‌ಮನ್ ಎಂಬ ಸಂಗೀತಗಾರ 1936ರಲ್ಲಿ ಸಂಯೋಜಿಸಿದ, ಶಿವರಂಜಿನಿಯ ಛಾಯೆಯ ಪಿಟೀಲಿನ ದನಿ. ಅನಂತರ ವಂದೇ ಮಾತರಂ, ಮಂಗಳವಾದ್ಯ, ಭಕ್ತಿಗೀತೆಗಳು, ಚಿಂತನ. 6.55ಕ್ಕೆ ದೆಹಲಿಯಿಂದ ಸಂಸ್ಕೃತ ವಾರ್ತೆ, 7.05ಕ್ಕೆ ಬೆಂಗಳೂರಿನಿಂದ ಪ್ರದೇಶ ಸಮಾಚಾರ, 7.35ಕ್ಕೆ ಮತ್ತೆ ದೆಹಲಿಯಿಂದ ಕನ್ನಡ ವಾರ್ತೆ. ಇವುಗಳ ನಡುನಡುವಿನ ಹೊತ್ತು ನಮ್ಮದು. ದೆಹಲಿಯ ಪ್ರಸಾರಕ್ಕೆ ಜೋಡಿಸುವ ಮುನ್ನ ಒಂದು ಸೆಕೆಂಡೂ ಹೆಚ್ಚುಕಡಿಮೆಯಾಗದಂತೆ ಮಾತು ಮುಗಿಸಬೇಕಿತ್ತು. ಗಡಿಯಾರದ ಕೆಂಪು ಮುಳ್ಳನ್ನು ನೋಡುತ್ತಲೇ ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕುವುದನ್ನು ಅಲ್ಲಿ ಕಲಿತೆ.

ಧ್ವನಿಮುದ್ರಣದ ಒಂದು ಸಂಗತಿ ಹೇಳುತ್ತೇನೆ. ಆಗ ಎಲ್ಲವೂ ಸ್ಪೂಲ್ ಟೇಪು. ಅದು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು, ಎಂದರೆ ಹತ್ತೊಂಬತ್ತು ಸೆಂಟಿಮೀಟರ್. ಮಾತನಾಡುವವರು ಒಂದು ಸೆಕೆಂಡು ಕೆಮ್ಮಿದರೆ ಆ ಕೆಮ್ಮು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಕಂದು ಪಟ್ಟಿಯಾಗಿ ನಮ್ಮ ಕೈಯಲ್ಲಿರುತ್ತಿತ್ತು. ಸ್ಪೂಲನ್ನು ಎರಡೂ ಕೈಯಿಂದ ಹಿಂದೆಮುಂದೆ ಉರುಳಿಸುತ್ತಾ ಕೆಮ್ಮಿನ ಮೊದಲ ಸದ್ದನ್ನು ಹುಡುಕಿ, ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ನೇರವಾಗಿ ಕತ್ತರಿಸಿದರೆ ಜೋಡಣೆಯ ಜಾಗದಲ್ಲಿ ಟಕ್ ಎಂಬ ಸದ್ದು ಬರುತ್ತದೆ. ಒಬ್ಬ ಹಿರಿಯರಂತೂ ರೈತರ ಮಾತಿನಲ್ಲಿ ಕೆಮ್ಮನ್ನು ತೆಗೆಯುತ್ತಿದ್ದರೇ ಹೊರತು, ಯೋಚಿಸಲು ಅವರು ತೆಗೆದುಕೊಂಡ ಮೌನವನ್ನು ಕತ್ತರಿಸಲು ಬಿಡುತ್ತಿರಲಿಲ್ಲ.

ಹಳ್ಳಿಗಳಿಗೆ ಹೋಗಿ ಧ್ವನಿಮುದ್ರಿಸಿಕೊಂಡು ಬಂದ ಟೇಪುಗಳು ನನಗೆ ಅತ್ಯಂತ ಪ್ರಿಯವಾಗಿದ್ದವು. ಡೊಳ್ಳು, ದೀಪಾವಳಿಯ ಅಂಟಿಗೆ ಪಂಟಿಗೆ ಪದಗಳು, ನಾಟಿಯ ಹಾಡುಗಳು. ಹಾಡುವ ಹೆಂಗಸರು ಮೈಕಿನ ಮುಂದೆ ಮೊದಲು ಸಂಕೋಚದಿಂದ ದನಿ ತಗ್ಗಿಸುತ್ತಿದ್ದರು, ಮೂರನೆಯ ಪದಕ್ಕೆ ಬರುವ ಹೊತ್ತಿಗೆ ಮೈಕನ್ನು ಮರೆಯುತ್ತಿದ್ದರು. ಅದಕ್ಕೇ ಮೊದಲ ಎರಡನ್ನು ಕೊನೆಯಲ್ಲಿ ಇನ್ನೊಮ್ಮೆ ಹಾಡಿಸಿಕೊಳ್ಳುವ ಪದ್ಧತಿಯಿತ್ತು. ಮೇಷ್ಟ್ರೇ, ನಿಮ್ಮ ತಾಯಿಯವರ ಕ್ಯಾಸೆಟ್ಟಿನಲ್ಲಿ ಅಂಥದ್ದೇನಾದರೂ ಕೇಳಿಸಿದರೆ ದಯವಿಟ್ಟು ಬರೆಯಿರಿ.

ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಮೇಡಂ, ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ವಿದ್ಯುತ್ತಿನ ಲೆಕ್ಕ ಸುಳ್ಳಲ್ಲ. ಆದರೆ ಮಳೆಗಾಲದ ಆ ನಾಲ್ಕು ದಿನಗಳು ನನ್ನ ಲೆಕ್ಕದಲ್ಲಿ ಇರಲಿಲ್ಲ. ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯಲ್ಲಿ ಮೀಡಿಯಂ ವೇವಿನಲ್ಲಿಯೇ ಕಡಿಮೆ ಶಕ್ತಿಗೆ ಸ್ವಚ್ಛವಾದ ಪ್ರಸಾರ ಸಾಧ್ಯ, ಆಕಾಶವಾಣಿಯು ದೇಶದ ಹಲವು ಕಡೆ ಅದನ್ನು ಅಳವಡಿಸಿದೆ. ಆದರೆ ಅದಕ್ಕೆ ಬೇಕಾದ ಸೆಟ್ಟು ದುಬಾರಿ, ನಮ್ಮ ಪೇಟೆಯ ಯಾವ ಅಂಗಡಿಯಲ್ಲಿಯೂ ನಾನು ಕಂಡಿಲ್ಲ. ಮೇಷ್ಟ್ರೇ, ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವಿದ್ದರೆ ನಾನು ಬರುತ್ತೇನೆ.

ರೇಡಿಯೋ ರಿಪೇರಿ, ಸಾಗರ

ಹಾಗಾದರೆ ಕ್ಯಾಸೆಟ್ಟಿನ ವಿಷಯ. ಒಂದು ವಾರ ಅದನ್ನು ಒಣಗಿದ ಅಕ್ಕಿ ತುಂಬಿದ ಡಬ್ಬದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡಿ. ಬಿಸಿಲಿಗೆ ಹಾಕಬೇಡಿ, ಟೇಪು ಸೊಟ್ಟಗಾಗುತ್ತದೆ. ಬೂಷ್ಟು ಒಣಗಿದ ಮೇಲೆ ಐದು ಸ್ಕ್ರೂಗಳನ್ನು ಬಿಚ್ಚಿ, ಟೇಪಿನ ಸುರುಳಿಗಳನ್ನು ಹೊಸ ಕವಚಕ್ಕೆ ವರ್ಗಾಯಿಸಬೇಕು. ಅನಂತರ ಮೆತ್ತನೆಯ ಒಣಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತಾ ಕೈಯಿಂದಲೇ ನಿಧಾನವಾಗಿ ಒಂದು ಸುತ್ತು ಸುತ್ತಬೇಕು. ಬೂಷ್ಟಿನ ಪುಡಿ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೀವು ಸಾಗರಕ್ಕೆ ತಂದರೆ ನಾನೇ ಮಾಡಿಕೊಡುತ್ತೇನೆ. ಹಳೆಯ ಕವಚವನ್ನು ಎಸೆಯಬೇಡಿ, ಅದರ ಮೇಲೆ ನಿಮ್ಮ ಅಣ್ಣನ ಅಕ್ಷರವಿದೆ.

ನಿವೃತ್ತ ಶಿಕ್ಷಕ, ಹೊಸನಗರ

ಹದಿನೈದು ದಿನಗಳ ಮೇಲೆ ಬರೆಯುತ್ತಿದ್ದೇನೆ. ಸಾಗರದಲ್ಲಿ ಕ್ಯಾಸೆಟ್ಟು ಶುಚಿಯಾಯಿತು, ಶಿವಮೊಗ್ಗದ ಹುಡುಗ ಬಂದು ಕಂಪ್ಯೂಟರಿಗೆ ಇಳಿಸಿಕೊಂಡ. ಮೊದಲಿಗೆ ಏನೂ ಇಲ್ಲ, ಬರಿಯ ಮೊರೆತ. ಸೆಟ್ಟಿನದೋ ಟೇಪಿನದೋ ಎಂದು ನಾವು ನೋಡುತ್ತಿದ್ದರೆ, ಅದು ನಮ್ಮ ಮನೆಯ ಹೆಂಚಿನ ಮೇಲೆ ಬೀಳುತ್ತಿದ್ದ ಮಳೆ ಎಂದು ನನಗೆ ಹೊಳೆಯಿತು. ಅಷ್ಟರಲ್ಲಿ ಉದ್ಘೋಷಕರ ದನಿ: “ಆಕಾಶವಾಣಿ, ಭದ್ರಾವತಿ.” ಆಮೇಲೆ ಅಮ್ಮನ ಮೇಳ. ಮೇಡಂ ಹೇಳಿದ್ದು ನಿಜ. ಹಾಡು ಶುರುವಾಗುವಾಗಲೇ ಅವರ ದನಿ ಬಿಚ್ಚಿಕೊಂಡಿದೆ, ಸಂಕೋಚದ ಹಾಡುಗಳು ಇದರಲ್ಲಿಲ್ಲ. ಎರಡನೆಯ ಪದದ ನಡುವೆ ಅಣ್ಣ ಯಾರಿಗೋ “ಬಾಗಿಲು ಹಾಕು, ಸದ್ದು ಬತ್ತದೆ” ಎನ್ನುವುದು ಕೇಳುತ್ತದೆ. ರೇಡಿಯೋದಿಂದ ಬರುತ್ತಿದ್ದ ಅಮ್ಮ, ಮನೆಯೊಳಗಿದ್ದ ಅಣ್ಣ, ಇಬ್ಬರ ದನಿಯೂ ಒಂದೇ ಟೇಪಿನಲ್ಲಿದೆ.

ಒಟ್ಟು ನಾಲ್ಕು ಪದಗಳಿವೆ. ಮೂರರ ಸಾಹಿತ್ಯವನ್ನು ಬರೆದುಕೊಂಡಿದ್ದೇನೆ. ನಾಲ್ಕನೆಯದರಲ್ಲಿ ಎರಡು ಸಾಲು ತಿಳಿಯುತ್ತಿಲ್ಲ. ಅಮ್ಮನ ಜೊತೆ ಹಾಡಿದವರಲ್ಲಿ ಒಬ್ಬರು ಈಗ ಮಗಳ ಮನೆಯಲ್ಲಿ, ತೀರ್ಥಹಳ್ಳಿಯ ಹತ್ತಿರ ಇದ್ದಾರೆ. ಭಾನುವಾರ ಅವರಿಗೆ ಕೇಳಿಸಿ ಬರುತ್ತೇನೆ. ಉಳಿದ ಹತ್ತು ಕ್ಯಾಸೆಟ್ಟುಗಳು ಸದ್ಯಕ್ಕೆ ಅಕ್ಕಿಯ ಡಬ್ಬದಲ್ಲಿವೆ.